ಅರ್ಥವನ್ನು ನಾವೇ ಕಟ್ಟಿಕೊಳ್ಳುವುದಾದರೆ, ಕ್ರೂರಿಗೆ 'ಇದು ತಪ್ಪು' ಅಂತ ಯಾವ ಬಲದ ಮೇಲೆ ಹೇಳುವುದು?

ನೀಲಿಶಾಯಿ

ಅಸ್ತಿತ್ವವಾದಿಗಳನ್ನು ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಇದನ್ನೆಲ್ಲ ಆಳವಾಗಿ ಓದಿದವರು ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

1945ರ ಅಕ್ಟೋಬರ್ 29ರಂದು ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಪ್ಯಾರಿಸ್‌ನಲ್ಲಿ ಒಂದು ಉಪನ್ಯಾಸ ಕೊಟ್ಟ. ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಅದರಲ್ಲಿ ಕಾಗದ ಕತ್ತರಿಸುವ ಚಾಕುವಿನ ಮಾತು ಬರುತ್ತದೆ. ಚಾಕು ಮಾಡುವವನಿಗೆ ಅದು ಯಾತಕ್ಕೆ ಅಂತ ಮೊದಲೇ ಗೊತ್ತಿರುತ್ತದೆ. ಉದ್ದೇಶ ಮೊದಲು, ಚಾಕು ಆಮೇಲೆ. ಮನುಷ್ಯನ ವಿಷಯ ತಿರುಗುಮುರುಗು. ಅವನು ಮೊದಲು ಇರುತ್ತಾನೆ. ತಾನು ಏನು, ಯಾತಕ್ಕೆ ಅನ್ನುವುದನ್ನು ಆಮೇಲೆ ತನ್ನ ಕೆಲಸಗಳಿಂದ ತಾನೇ ಮಾಡಿಕೊಳ್ಳುತ್ತಾನೆ.

ಇದನ್ನು ಓದಿದಾಗ ನನಗೆ ನಿಜವಾಗಿ ಧೈರ್ಯ ಬಂತು. ಹುಟ್ಟಿನಿಂದ ಬಂದದ್ದು, ಬೇರೆಯವರು ಅಂಟಿಸಿದ ಹಣೆಪಟ್ಟಿ, ಯಾವುದೂ ಕೊನೆಯ ಮಾತಲ್ಲ ಅನ್ನುವುದು ಸಣ್ಣ ವಿಷಯವಲ್ಲ.

ಆದರೆ ಹಿಂದೆಯೇ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಅರ್ಥವನ್ನು ಪ್ರತಿಯೊಬ್ಬರೂ ತಾವೇ ಮಾಡಿಕೊಳ್ಳುವುದಾದರೆ, ಕ್ರೂರಿಯೂ ತನ್ನ ಅರ್ಥ ತಾನೇ ಮಾಡಿಕೊಂಡವನು ಅಲ್ವಾ? ಅವನು ಯಾರ ಮಾತಿಗೂ ಬಗ್ಗದೆ, ಕಣ್ಣು ತೆರೆದುಕೊಂಡೇ ಕ್ರೌರ್ಯವನ್ನು ಆರಿಸಿಕೊಂಡರೆ? 'ನನಗೆ ಇದು ಹಿಡಿಸಲಿಲ್ಲ' ಅನ್ನುವುದಕ್ಕಿಂತ ಜಾಸ್ತಿ ಏನಾದರೂ ಅವನಿಗೆ ಹೇಳಲು ನನ್ನ ಹತ್ತಿರ ಇದೆಯಾ?

ಹಾದಿಹೋಕ

ಇದು ಹಳೆಯ ಪ್ರಶ್ನೆ. ಸಾರ್ತ್ರ್‌ಗೂ ಗೊತ್ತಿದ್ದ ಪ್ರಶ್ನೆ. ರಷ್ಯನ್ ಕಾದಂಬರಿಕಾರ ದಾಸ್ತೊವಸ್ಕಿಯ ಪಾತ್ರ ಇವಾನ್ ಕರಮಜೋವ್‌ನ ವಿಚಾರ, ಅಂದರೆ ದೇವರಿಲ್ಲದಿದ್ದರೆ ಎಲ್ಲಕ್ಕೂ ಅನುಮತಿ ಇದ್ದಂತೆ ಅನ್ನುವುದು, ಅಸ್ತಿತ್ವವಾದ ಹೊರಡುವ ಜಾಗವೇ ಅದು ಅಂತ ಅವನು ಅದೇ ಉಪನ್ಯಾಸದಲ್ಲಿ ಹೇಳುತ್ತಾನೆ.

ಆದರೆ ಅವನು ಅದರಿಂದ 'ಹಾಗಾದರೆ ಏನು ಬೇಕಾದರೂ ಮಾಡಿ' ಅನ್ನುವ ತೀರ್ಮಾನಕ್ಕೆ ಬರುವುದಿಲ್ಲ. ಅನುಮತಿ ಕೊಡುವವರು ಇಲ್ಲ ಅಂದಮೇಲೆ ಕ್ಷಮಿಸುವವರೂ ಇಲ್ಲ. ನನ್ನ ಸ್ವಭಾವ ಹಾಗಿತ್ತು, ಮೇಲಿನವರು ಹೇಳಿದರು, ಕಾಲವೇ ಹಾಗಿತ್ತು, ಈ ಯಾವ ನೆಪವೂ ನಿಲ್ಲುವುದಿಲ್ಲ. ಮಾಡಿದವನು ನೀನು. ಮನುಷ್ಯನಿಗೆ ಸ್ವಾತಂತ್ರ್ಯ ಒಂದು ಶಿಕ್ಷೆಯ ಹಾಗೆ ವಿಧಿಸಲ್ಪಟ್ಟಿದೆ ಅಂತ ಅವನು ಹೇಳುವುದು ಈ ಕಾರಣಕ್ಕೆ. ಜೊತೆಗೆ, ನಾನು ಏನನ್ನಾದರೂ ಆರಿಸಿಕೊಂಡಾಗ 'ಮನುಷ್ಯ ಹೀಗಿರಬೇಕು' ಅಂತ ಎಲ್ಲರಿಗಾಗಿ ಆರಿಸಿದಂತೆ ಅಂತಲೂ ಹೇಳುತ್ತಾನೆ.

ನೀಲಿಶಾಯಿ

ಆ ಕೊನೆಯ ಮಾತೇ ನನಗೆ ಗಟ್ಟಿಯಾಗಿ ಕಾಣುವುದಿಲ್ಲ. ನಾನು ಆರಿಸಿಕೊಂಡದ್ದು ಎಲ್ಲರಿಗೂ ಮಾದರಿ ಆಗಬೇಕು ಅಂತ ಯಾರು ಹೇಳಿದರು? ಅದು ಜರ್ಮನ್ ತತ್ವಜ್ಞಾನಿ ಕಾಂಟ್ ಹೇಳಿದ ನಿಯಮ. ನಿಯಮಗಳೇ ಇಲ್ಲ ಅಂದ ಮನೆಗೆ ಅದು ಹಿಂಬಾಗಿಲಿನಿಂದ ಬಂದಂತಿದೆ. ಕ್ರೂರಿ ಸುಮ್ನೆ 'ನಾನು ನನಗಾಗಿ ಮಾತ್ರ ಆರಿಸಿಕೊಂಡೆ' ಅಂದರೆ ವಾದ ಅಲ್ಲಿಗೇ ನಿಲ್ಲುತ್ತದೆ.

ಅಂಚಿನಸಾಲು

ಅದೇ ಉಪನ್ಯಾಸದಲ್ಲಿ ಬರುವ ವಿದ್ಯಾರ್ಥಿಯ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೀಲಿಶಾಯಿ ಅವರ ಪ್ರಶ್ನೆಯ ಗಂಟು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಜರ್ಮನ್ ಆಕ್ರಮಣದ ದಿನಗಳಲ್ಲಿ ಒಬ್ಬ ಹುಡುಗ ಸಾರ್ತ್ರ್ ಹತ್ತಿರ ಸಲಹೆ ಕೇಳಲು ಬರುತ್ತಾನೆ. ಅವನ ಅಣ್ಣ 1940ರ ದಾಳಿಯಲ್ಲಿ ಸತ್ತಿದ್ದಾನೆ. ಅಪ್ಪ ಅಮ್ಮನ ಜೊತೆ ಜಗಳವಾಡಿಕೊಂಡಿದ್ದಾನೆ, ಜರ್ಮನ್ನರ ಜೊತೆ ಕೈಜೋಡಿಸುವ ಕಡೆ ವಾಲುತ್ತಿದ್ದಾನೆ. ಅಮ್ಮನಿಗೆ ಉಳಿದಿರುವುದು ಇವನೊಬ್ಬನೇ. ಇವನಿಗೆ ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಪಡೆ ಸೇರಬೇಕು, ಅಣ್ಣನ ಸಾವಿಗೆ ಉತ್ತರ ಕೊಡಬೇಕು. ಹೋದರೆ ಅಮ್ಮ ಕುಸಿಯುತ್ತಾಳೆ. ಅಲ್ಲಿ ತಲುಪಿದ ಮೇಲೂ ಅವನನ್ನು ಯಾವುದೋ ಕಚೇರಿಯಲ್ಲಿ ಕಾಗದ ತುಂಬಿಸಲು ಕೂರಿಸಬಹುದು. ಉಳಿದರೆ ಒಬ್ಬಳಿಗೆ ಖಂಡಿತ ಉಪಯೋಗ.

ಯಾವ ನಿಯಮ ಅವನಿಗೆ ದಾರಿ ತೋರಿಸುತ್ತದೆ? ನೆರೆಯವರನ್ನು ಪ್ರೀತಿಸು ಅಂದರೆ, ಯಾರು ನೆರೆಯವರು? ಅಮ್ಮನೋ, ಜೊತೆಗೆ ಹೋರಾಡುವವರೋ? ಯಾರನ್ನೂ ಸಾಧನವಾಗಿ ಬಳಸಬೇಡ ಅಂದರೆ, ಎರಡು ದಾರಿಯಲ್ಲೂ ಒಬ್ಬರನ್ನು ಹಾಗೆ ಬಳಸಿದಂತೆ ಆಗುತ್ತದೆ. ಮನಸ್ಸು ಹೇಳಿದಂತೆ ಮಾಡೋಣ ಅಂದರೆ, ಅಮ್ಮನ ಮೇಲಿನ ಪ್ರೀತಿ ಎಷ್ಟು ದೊಡ್ಡದು ಅಂತ ಗೊತ್ತಾಗುವುದು ಅವಳ ಜೊತೆ ಉಳಿದ ಮೇಲೆಯೇ. ಯಾರನ್ನಾದರೂ ಕೇಳೋಣ ಅಂದರೆ, ಯಾರನ್ನು ಕೇಳಬೇಕು ಅಂತ ಆರಿಸುವಾಗಲೇ ಎಂಥ ಉತ್ತರ ಬೇಕು ಅಂತ ಅರ್ಧ ಆರಿಸಿಕೊಂಡಿರುತ್ತೇವೆ. ಸಾರ್ತ್ರ್ ಕೊಟ್ಟ ಉತ್ತರ ಇಷ್ಟೇ: ನೀನು ಸ್ವತಂತ್ರ, ಆರಿಸಿಕೋ.

ಈ ಕತೆ ತುಂಬಾ ಪ್ರಾಮಾಣಿಕವಾದದ್ದು. ಆದರೆ ಒಂದು ವಿಷಯ ಗಮನಿಸಿ. ತಕ್ಕಡಿಯಲ್ಲಿ ಇರುವುದು ಎರಡೇ: ಅಮ್ಮನ ಆರೈಕೆ, ದೇಶದ ಬಿಡುಗಡೆ. ಎರಡೂ ಒಳ್ಳೆಯವೇ. ಮೂರನೆಯದು ಆ ಮನೆಯಲ್ಲೇ ಇತ್ತು, ಅಪ್ಪ ಹಿಡಿಯಲು ಹೊರಟಿದ್ದ ದಾರಿ. 'ಜರ್ಮನ್ನರ ಜೊತೆ ಸೇರಲೇ?' ಅಂತ ಹುಡುಗ ಕೇಳಲಿಲ್ಲ, ಸಾರ್ತ್ರ್ ಕೂಡ ಅದನ್ನು ಆಯ್ಕೆಯಾಗಿ ಎಣಿಸಲಿಲ್ಲ. ಅದನ್ನು ತಕ್ಕಡಿಗೆ ಹಾಕದಂತೆ ತಡೆದದ್ದು ಏನು? ಹುಡುಗ ಆ ಕೋಣೆಗೆ ಬರುವ ಮೊದಲೇ ಯಾವುದೋ ನೀತಿ ಕೆಲಸ ಮಾಡಿ ಮುಗಿಸಿತ್ತು. ಉಪನ್ಯಾಸದಲ್ಲಿ ಅದರ ಹೆಸರು ಬರುವುದಿಲ್ಲ.

ಹಳೇಓದುಗ

ಅಂಚಿನಸಾಲು ಹೇಳಿದ ಮೂರನೆಯ ದಾರಿಯನ್ನು ಒಬ್ಬ ದೊಡ್ಡ ತತ್ವಜ್ಞಾನಿ ಹಿಡಿದೇಬಿಟ್ಟ. ಹೈಡೆಗರ್ 1927ರಲ್ಲಿ ಬರೆದ ಮುಖ್ಯ ಗ್ರಂಥದಲ್ಲಿ ಗುಂಪಿನಲ್ಲಿ ಕರಗಿ ಬದುಕುವುದನ್ನು ಬಿಟ್ಟು, ತನ್ನ ಸಾವನ್ನು ಎದುರಿಗಿಟ್ಟುಕೊಂಡು, ದೃಢ ನಿರ್ಧಾರದಿಂದ ಬದುಕುವ ಬಗ್ಗೆ ಬರೆದ. 1933ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥನಾದ, ನಾಜಿ ಪಕ್ಷ ಸೇರಿದ. ಅವನ ಗ್ರಂಥದಿಂದಲೇ ಇದು ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ 'ದೃಢವಾಗಿ ನಿರ್ಧರಿಸು' ಅನ್ನುವ ಮಾತು ಅವನನ್ನು ತಡೆಯಲೂ ಇಲ್ಲ. ಯಾವುದಕ್ಕಾಗಿ ದೃಢ ಅನ್ನುವುದನ್ನು ಆ ಮಾತು ಹೇಳುವುದೇ ಇಲ್ಲ.

ಹಾದಿಹೋಕ

ಒಪ್ಪಿದೆ. ಆದರೂ ಸಾರ್ತ್ರ್ ಕೈಯಲ್ಲಿ ಒಂದು ಅಳತೆಗೋಲು ಇದೆ, ಆತ್ಮವಂಚನೆ. ತನ್ನ ಸ್ವಾತಂತ್ರ್ಯವನ್ನು ತನ್ನಿಂದಲೇ ಮುಚ್ಚಿಡುವುದು. ನೆಪಗಳ ಹಿಂದೆ ಅಡಗುವವರನ್ನು ಅವನು ಹೇಡಿಗಳು ಅನ್ನುತ್ತಾನೆ. ತಾವು ಇರಲೇಬೇಕಾದವರು, ತಮ್ಮ ಜಾಗ ಹುಟ್ಟಾ ತಮ್ಮದೇ ಅಂದುಕೊಂಡವರಿಗೆ ಅದಕ್ಕಿಂತ ಕಟುವಾದ ಬೈಗುಳ ಬಳಸುತ್ತಾನೆ. ಇತಿಹಾಸದ ಬಹುಪಾಲು ಕ್ರೌರ್ಯ ಈ ಎರಡರಲ್ಲಿ ಒಂದಕ್ಕೆ ಸೇರುತ್ತದೆ. 'ಆಜ್ಞೆ ಪಾಲಿಸಿದೆ', ಇಲ್ಲವೇ 'ನಾವು ಆಳಲು ಹುಟ್ಟಿದವರು'. ನೀಲಿಶಾಯಿ ಅವರು ಹೇಳುವ, ಯಾವ ನೆಪವೂ ಇಲ್ಲದೆ ಕಣ್ಣು ತೆರೆದುಕೊಂಡೇ ಕ್ರೂರಿಯಾದವನು ಸಿಗುವುದು ಬಹಳ ಅಪರೂಪ.

ನೀಲಿಶಾಯಿ

ಅಪರೂಪ ಇರಬಹುದು. ಆದರೆ ಅವನೊಬ್ಬ ಇದ್ದರೂ ಸಾಕು, ಪ್ರಶ್ನೆ ಉಳಿಯುತ್ತದೆ.

ಬೆಳಗಿನಜಾವ

ಇಷ್ಟು ಹೊತ್ತಿಗೆ ಸಾರ್ತ್ರ್‌ನ ಸಂಗಾತಿ, ತತ್ವಜ್ಞಾನಿ ಸಿಮೊನ್ ದ ಬೋವಾ ಹೆಸರು ಬರಬೇಕಿತ್ತು. ಅಸ್ತಿತ್ವವಾದದ ನೀತಿ ಅಂದಾಗ ಎಲ್ಲರೂ ಸಾರ್ತ್ರ್ ಹತ್ತಿರವೇ ಹೋಗುತ್ತಾರೆ. 1943ರ ತನ್ನ ದೊಡ್ಡ ಗ್ರಂಥದ ಕೊನೆಯಲ್ಲಿ ನೀತಿಯ ಬಗ್ಗೆ ಮುಂದೆ ಬರೆಯುತ್ತೇನೆ ಅಂದವನು ಅದನ್ನು ಪೂರ್ತಿ ಮಾಡಲೇ ಇಲ್ಲ. ಆ ಕೆಲಸಕ್ಕೆ ನೇರವಾಗಿ ಕೈ ಹಾಕಿದವಳು ಅವಳು, 1944ರಲ್ಲಿ ಒಂದು ಚಿಕ್ಕ ಪುಸ್ತಕದಲ್ಲಿ, ಮತ್ತೆ 1947ರಲ್ಲಿ ಇನ್ನೊಂದರಲ್ಲಿ.

ಮೊದಲನೆಯದು ಪಿರಸ್ ರಾಜ ಮತ್ತು ಅವನ ಸಲಹೆಗಾರ ಸಿನಿಯಾಸ್ ನಡುವಿನ ಹಳೆಯ ಮಾತುಕತೆಯಿಂದ ಶುರುವಾಗುತ್ತದೆ. ಮೊದಲು ಗ್ರೀಸ್ ಗೆಲ್ಲುತ್ತೇನೆ ಅನ್ನುತ್ತಾನೆ ರಾಜ. ಆಮೇಲೆ? ಆಫ್ರಿಕಾ. ಆಮೇಲೆ? ಏಷ್ಯಾ. ಎಲ್ಲಾ ಆದಮೇಲೆ? ವಿಶ್ರಾಂತಿ. ಹಾಗಾದರೆ ಈಗಲೇ ವಿಶ್ರಾಂತಿ ತೆಗೆದುಕೊಳ್ಳಬಹುದಲ್ಲ ಅಂತ ಸಿನಿಯಾಸ್ ಕೇಳುತ್ತಾನೆ. ಬುದ್ಧಿವಂತ ಪ್ರಶ್ನೆ ಅನ್ನಿಸುತ್ತದೆ. ಬೋವಾ ಅದನ್ನು ಹಾಗೇ ಒಪ್ಪುವುದಿಲ್ಲ. ಮನುಷ್ಯ ಸುಮ್ಮನೆ ಕೂತರೂ ಏನನ್ನೋ ಬಯಸುತ್ತಲೇ ಇರುತ್ತಾನೆ. ಬಯಕೆಯಿಂದ ಹೊರಗೆ ನಿಂತು ಬದುಕುವ ಜಾಗ ನಮಗೆ ಇಲ್ಲ. ಹಾಗಾದರೆ ನಾನು ಮಾಡಿದ್ದಕ್ಕೆ ಬೆಲೆ ಬರುವುದು ಯಾವಾಗ? ಇನ್ನೊಬ್ಬರು ಅದನ್ನು ಕೈಗೆತ್ತಿಕೊಂಡು ಮುಂದುವರಿಸಿದಾಗ. ಬರೆದದ್ದನ್ನು ಯಾರೂ ಓದದಿದ್ದರೆ, ಕಟ್ಟಿದ್ದನ್ನು ಯಾರೂ ಬಳಸದಿದ್ದರೆ, ಅದು ಅಲ್ಲೇ ಸತ್ತು ಬಿದ್ದಿರುತ್ತದೆ. ಅವರು ಅದನ್ನು ತಮ್ಮ ಇಷ್ಟದಿಂದ ಎತ್ತಿಕೊಳ್ಳಬೇಕು. ಬಂದೂಕು ತೋರಿಸಿ ಹೊಗಳಿಸಿಕೊಂಡರೆ ಆ ಹೊಗಳಿಕೆಗೆ ಏನು ಬೆಲೆ? ಅಂದಮೇಲೆ ನನ್ನ ಸ್ವಾತಂತ್ರ್ಯಕ್ಕೆ ಬೇರೆಯವರ ಸ್ವಾತಂತ್ರ್ಯ ಬೇಕೇ ಬೇಕು. ಅದು ನಾನು ತೋರಿಸುವ ಉದಾರತೆ ಅಲ್ಲ.

1947ರ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ನನಗೆ ಇಡೀ ಅಸ್ತಿತ್ವವಾದದಲ್ಲೇ ಅತಿ ಮುಖ್ಯವಾಗಿ ಕಾಣುವ ಮಾತು ಅದು. ಬದುಕು ಅಸಂಗತ ಅಂದುಬಿಟ್ಟರೆ ಅದಕ್ಕೆ ಅರ್ಥ ಬರುವುದು ಸಾಧ್ಯವೇ ಇಲ್ಲ ಅಂದಂತೆ. ಬದುಕು ಸಂದಿಗ್ಧ ಅಂದರೆ ಬೇರೆ. ಅರ್ಥ ಎಂದಿಗೂ ಒಂದೇ ಕಡೆ ನಿಂತಿರುವುದಿಲ್ಲ, ಅದನ್ನು ಮತ್ತೆ ಮತ್ತೆ ಗೆದ್ದುಕೊಳ್ಳಬೇಕು ಅಂತ. ನಾವು ಇರುವುದು ಎರಡನೆಯದರಲ್ಲಿ ಅನ್ನುತ್ತಾಳೆ ಅವಳು. ಅರ್ಥವನ್ನು ಗೆದ್ದುಕೊಳ್ಳಬೇಕು ಅಂದರೆ ಸೋಲಬಹುದು ಅಂತಲೂ ಆಯಿತು. ಸೋಲಬಹುದಾದ ಕಡೆ ಮಾತ್ರ ತಪ್ಪು-ಸರಿ ಅನ್ನುವ ಮಾತಿಗೆ ಜಾಗ ಇರುತ್ತದೆ.

ಹಾಗಾಗಿ ಕ್ರೂರಿಗೆ ಹೀಗೆ ಹೇಳಬಹುದು: ನಿನ್ನ ಬದುಕಿಗೆ ಬೆಲೆ ತರಬಲ್ಲ ಜನರನ್ನೇ ನೀನು ವಸ್ತುಗಳನ್ನಾಗಿ ಮಾಡುತ್ತಿದ್ದೀಯ. ಇದು 'ಹಿಡಿಸಲಿಲ್ಲ' ಅನ್ನುವುದಕ್ಕಿಂತ ಜಾಸ್ತಿಯ ಮಾತು.

ಪ್ರಶ್ನೆಚಿಹ್ನೆ

ಬೆಳಗಿನಜಾವ ಅವರ ಬರಹ ಚೆನ್ನಾಗಿದೆ, ಆದರೆ ವಾದದಲ್ಲಿ ದೊಡ್ಡ ತೂತು ಇದೆ. ಕ್ರೂರಿಗೆ ಎಲ್ಲರ ಸ್ವಾತಂತ್ರ್ಯ ಯಾಕೆ ಬೇಕು? ಅವನ ಸರೀಕರದ್ದು ಸಾಕಲ್ಲ. ಗುಲಾಮರನ್ನು ಇಟ್ಟುಕೊಂಡವರು ಶತಮಾನಗಟ್ಟಲೆ ಒಬ್ಬರನ್ನೊಬ್ಬರು ಗೌರವಿಸಿಕೊಂಡು, ಒಬ್ಬರ ಪುಸ್ತಕ ಒಬ್ಬರು ಓದಿಕೊಂಡು ನೆಮ್ಮದಿಯಾಗಿ ಬದುಕಿದರು. ಗುಲಾಮರು ತಮ್ಮನ್ನು ಮನಸಾರೆ ಮೆಚ್ಚಲಿಲ್ಲ ಅನ್ನುವ ಕೊರಗು ಅವರ ಊಟ ಕೆಡಿಸಲಿಲ್ಲ.

ಬೆಳಗಿನಜಾವ

ಈ ಆಕ್ಷೇಪಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಬೋವಾಗೂ 1947ರ ಆ ಪುಸ್ತಕದ ಬಗ್ಗೆ ಸಮಾಧಾನ ಇರಲಿಲ್ಲ. 1963ರಲ್ಲಿ ಬಂದ ಆತ್ಮಕತೆಯ ಭಾಗದಲ್ಲಿ, ತನ್ನ ಪುಸ್ತಕಗಳಲ್ಲೆಲ್ಲ ತನಗೆ ಹೆಚ್ಚು ಕಿರಿಕಿರಿ ಮಾಡುವುದು ಇದೇ ಅಂತ ಬರೆದಳು. ಸಮಾಜದ ಪರಿಸ್ಥಿತಿಯನ್ನು ಬದಿಗಿಟ್ಟು ನೀತಿಯನ್ನು ಹೇಳಲು ಹೊರಟದ್ದು ಅವಳಿಗೆ ಆಮೇಲೆ ಸರಿ ಕಾಣಲಿಲ್ಲ.

ಆದರೆ ಪರಿಸ್ಥಿತಿಯ ಯೋಚನೆ ಅವಳಲ್ಲಿ ಮೊದಲಿನಿಂದಲೂ ಇತ್ತು. 1940ರಲ್ಲಿ ಸಾರ್ತ್ರ್ ಜೊತೆ ಇದೇ ವಿಷಯಕ್ಕೆ ವಾದ ಮಾಡಿದ್ದಳು. ಅಂತಃಪುರದಲ್ಲಿ ಕೂಡಿಹಾಕಿದ ಹೆಂಗಸಿಗೆ ಇರುವ ಸ್ವಾತಂತ್ರ್ಯ ಎಂಥದ್ದು ಅಂತ ಕೇಳಿದಳು. ಅಲ್ಲಿಯೂ ಬದುಕನ್ನು ಬೇರೆ ಬೇರೆ ರೀತಿ ಬದುಕಬಹುದು ಅಂತ ಅವನು ಅಂದ. ಅವಳಿಗೆ ಆ ಉತ್ತರ ಸಾಕಾಗಲಿಲ್ಲ. 1949ರಲ್ಲಿ ಹೆಣ್ಣಿನ ಬಗ್ಗೆ ಬರೆದ ದೊಡ್ಡ ಗ್ರಂಥ ಆ ವಾದದ ಮುಂದುವರಿಕೆ ಅಂತಲೇ ನಾನು ಓದುತ್ತೇನೆ. ಹೆಣ್ಣಾಗಿ ಯಾರೂ ಹುಟ್ಟುವುದಿಲ್ಲ, ಹೆಣ್ಣಾಗಿ ಮಾಡಲ್ಪಡುತ್ತಾರೆ ಅನ್ನುವಾಗ ಅವಳು ತೋರಿಸುವುದು ಒಬ್ಬರ ಆಯ್ಕೆಗಳ ಪಟ್ಟಿಯನ್ನು ಬೇರೆಯವರು ಹೇಗೆ ಚಿಕ್ಕದು ಮಾಡುತ್ತಾ ಹೋಗುತ್ತಾರೆ ಅನ್ನುವುದನ್ನು.

ಅಂಚಿನಸಾಲು

ಇದಕ್ಕೆ ಸೇರಿಸುತ್ತೇನೆ. ಸ್ವಾತಂತ್ರ್ಯ ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ ಅನ್ನುವ ಲೆಕ್ಕವನ್ನು ಇನ್ನೊಬ್ಬ ಫ್ರೆಂಚ್ ತತ್ವಜ್ಞಾನಿ ಮೆರ್ಲೊ-ಪಾಂಟಿ 1945ರಲ್ಲೇ ಪ್ರಶ್ನಿಸಿದ. ನಮ್ಮ ಹಳೆಯ ದಿನಗಳು ನಮ್ಮ ಮೇಲೆ ಒಂದು ಭಾರ ಬಿಟ್ಟಿರುತ್ತವೆ. ವರ್ಷಗಟ್ಟಲೆ ತಲೆ ತಗ್ಗಿಸಿ ಬದುಕಿದವರು ನಾಳೆ ಬೆಳಿಗ್ಗೆ ಬೇರೆಯವರಾಗುವುದು ಅಸಾಧ್ಯವಲ್ಲ, ಆದರೆ ಅದಕ್ಕೆ ಸಾಧ್ಯತೆ ಕಡಿಮೆ. ಅದನ್ನು ಲೆಕ್ಕಕ್ಕೇ ಹಿಡಿಯದೆ 'ನೀನು ಸ್ವತಂತ್ರ' ಅನ್ನುವುದು ಸುಲಭ.

ಫ್ರಾಂಜ್ ಫ್ಯಾನನ್ ಇನ್ನೂ ಮುಂದೆ ಹೋದ. ಮಾರ್ಟಿನೀಕ್‌ನಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಮನೋವೈದ್ಯ ಓದಿದವನು. 1952ರ ಪುಸ್ತಕದಲ್ಲಿ ಅವನು ಹೇಳುವುದು ಇದು: ಬಿಳಿಯರ ಕಣ್ಣು ತನ್ನ ಮೇಲೆ ಬಿದ್ದ ಕ್ಷಣ, ತಾನು ಏನು ಅನ್ನುವುದು ತಾನು ಬಾಯಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ನೀಲಿಶಾಯಿ ಅವರ ಮೊದಲ ಬರಹದ ಚಾಕುವನ್ನು ಇಲ್ಲಿಟ್ಟು ನೋಡಿ. ಕೆಲವರನ್ನು ಇನ್ನು ಕೆಲವರು ಚಾಕುವಿನಂತೆ, ಉದ್ದೇಶ ಮೊದಲೇ ಗೊತ್ತಿರುವ ವಸ್ತುವಿನಂತೆ ನೋಡುತ್ತಾರೆ. ಮನುಷ್ಯನಿಗೆ ಮೊದಲೇ ಬರೆದ ಉದ್ದೇಶ ಇಲ್ಲ ಅನ್ನುವುದು ಬರೀ ತತ್ವಶಾಸ್ತ್ರದ ಹೇಳಿಕೆಯಾಗಿ ಉಳಿಯುವುದಿಲ್ಲ. ಅದನ್ನು ಹೋರಾಡಿ ನಿಜ ಮಾಡಬೇಕಾಗುತ್ತದೆ.

ಸಾರ್ತ್ರ್ ಕೂಡ ಬದಲಾದ. ಯಾವ ಪರಿಸ್ಥಿತಿಯಲ್ಲೂ ದ್ರೋಹಿ ಆಗಬೇಕೋ ಬೇಡವೋ ಅನ್ನುವ ಆಯ್ಕೆ ಇದ್ದೇ ಇರುತ್ತದೆ ಅಂತ ಹಿಂದೆ ಬರೆದಿದ್ದನ್ನು 1969ರ ಸಂದರ್ಶನದಲ್ಲಿ ನೆನೆದು, ಹಾಗೆ ತಾನು ನಂಬಿದ್ದೆನಲ್ಲ ಅಂತ ಬೆರಗಾಗುತ್ತಾನೆ. ನಮ್ಮನ್ನು ಏನು ಮಾಡಲಾಗಿದೆಯೋ ಅದರಿಂದ ನಾವು ಏನು ಮಾಡಿಕೊಳ್ಳುತ್ತೇವೆ ಅನ್ನುವ ಚಿಕ್ಕ ಜಾಗವೇ ಸ್ವಾತಂತ್ರ್ಯ ಅನ್ನುವಲ್ಲಿಗೆ ಬಂದು ನಿಂತ. ನನಗೆ ಈ ಚಿಕ್ಕ ಜಾಗದ ಸಾರ್ತ್ರ್ ಹೆಚ್ಚು ನಂಬಿಕೆಗೆ ಅರ್ಹ.

ಕಿಟಕಿಪಕ್ಕ

ನಾನು ತತ್ವಶಾಸ್ತ್ರ ಓದಿದವಳಲ್ಲ. ಆ ಹುಡುಗ ಮತ್ತು ಅಮ್ಮನ ಕತೆ ಓದಿ ಬರೆಯುತ್ತಿದ್ದೇನೆ.

ನನ್ನ ತಾಯಿಗೆ ನೆನಪು ಹೋಗಿ ತುಂಬಾ ವರ್ಷಗಳಾದವು. ನೋಡಿಕೊಳ್ಳುತ್ತಿರುವವಳು ನಾನು. 'ಇದು ನಿನ್ನ ಆಯ್ಕೆ ಅಲ್ವಾ' ಅಂತ ಹತ್ತಿರದವರು ಹೇಳುತ್ತಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಹಾಗೆ ಆರಿಸಿಕೊಂಡ ಒಂದು ದಿನ ನನಗೆ ನೆನಪಿಲ್ಲ. ಮೊದಲು ಮಾತ್ರೆ ನೆನಪಿಸುತ್ತಿದ್ದೆ. ಆಮೇಲೆ ಬಾಗಿಲು ಹಾಕಿದ್ದಾರಾ ನೋಡಲು ಹೋಗುತ್ತಿದ್ದೆ. ಆಮೇಲೆ ರಾತ್ರಿ ಅಲ್ಲೇ ಉಳಿಯಲು ಶುರು ಮಾಡಿದೆ. ನಾನು ಆರಿಸಲಿಲ್ಲ ಅಂದರೆ ಆತ್ಮವಂಚನೆ ಅಂತೀರಾ? ಆರಿಸಿದೆ ಅಂದರೆ ಅದು ಸುಳ್ಳು. ಬಿಟ್ಟು ಹೋಗುವುದು ನನ್ನಿಂದ ಆಗುವುದಿಲ್ಲ. ಆಗುವುದಿಲ್ಲ ಅನ್ನುವುದರಲ್ಲಿ ಕೊರತೆ ಇದೆ ಅಂತಲೂ ನನಗೆ ಅನ್ನಿಸಿಲ್ಲ.

ಹಳೇಓದುಗ

ಕಿಟಕಿಪಕ್ಕ ಅವರೇ, ನೀವು ಹೇಳಿದ್ದನ್ನು ಆತ್ಮವಂಚನೆ ಅನ್ನುವವರಿಗೆ ಕಾದಂಬರಿಕಾರ್ತಿ, ತತ್ವಜ್ಞಾನಿ ಐರಿಸ್ ಮರ್ಡಾಕ್ ಉತ್ತರ ಕೊಟ್ಟಿದ್ದಾಳೆ. ಅಸ್ತಿತ್ವವಾದವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದವರಲ್ಲಿ ಅವಳೂ ಒಬ್ಬಳು. ಆಮೇಲೆ ಅದರ ಗಟ್ಟಿ ವಿಮರ್ಶಕಿಯಾದಳು. 1970ರ ಪುಸ್ತಕದಲ್ಲಿ ಅವಳ ದೂರು ಇದು: ಇವರು ನೀತಿಯನ್ನೆಲ್ಲ ಆಯ್ಕೆಯ ಒಂದು ಕ್ಷಣಕ್ಕೆ ತಂದು ಸುರಿಯುತ್ತಾರೆ. ಆದರೆ ಆ ಕ್ಷಣ ಬರುವ ಹೊತ್ತಿಗೆ ಆರಿಸುವ ಕೆಲಸ ಬಹುಪಾಲು ಮುಗಿದಿರುತ್ತದೆ. ಅದು ನಡೆದಿರುವುದು ದಿನದಿನದ ಗಮನದಲ್ಲಿ, ಎದುರಿಗಿರುವವರನ್ನು ನಾವು ಎಷ್ಟು ನ್ಯಾಯವಾಗಿ ನೋಡುತ್ತಾ ಬಂದೆವು ಅನ್ನುವುದರಲ್ಲಿ.

ಅವಳು ಒಬ್ಬ ಅತ್ತೆಯ ಉದಾಹರಣೆ ಕೊಡುತ್ತಾಳೆ. ಸೊಸೆ ಒರಟು, ನಯವಿಲ್ಲದವಳು, ಮಗ ತನಗಿಂತ ಕೆಳಗಿನವಳನ್ನು ಮದುವೆಯಾದ ಅಂತ ಅತ್ತೆಗೆ ಅನ್ನಿಸಿರುತ್ತದೆ. ಹೊರಗೆ ಮಾತ್ರ ಚೆನ್ನಾಗಿಯೇ ನಡೆದುಕೊಳ್ಳುತ್ತಾಳೆ. ದಿನ ಕಳೆದಂತೆ ತನ್ನಲ್ಲೇ ಹೊಟ್ಟೆಕಿಚ್ಚು ಇರಬಹುದು, ತಾನು ಹಳೆಯ ಕಾಲದವಳಿರಬಹುದು, ಇನ್ನೊಮ್ಮೆ ನೋಡೋಣ ಅಂದುಕೊಳ್ಳುತ್ತಾಳೆ. ನಿಧಾನವಾಗಿ ಆ ಹುಡುಗಿ ಒರಟಲ್ಲ, ಸರಳ ಅಂತ ಕಾಣುತ್ತದೆ. ಗದ್ದಲದವಳಲ್ಲ, ಲವಲವಿಕೆಯವಳು ಅಂತ ಕಾಣುತ್ತದೆ. ಹೊರಗಿನ ನಡವಳಿಕೆಯಲ್ಲಿ ಏನೂ ಬದಲಾಗಿಲ್ಲ. ಸೊಸೆ ಆ ಹೊತ್ತಿಗೆ ಸತ್ತೇ ಹೋಗಿರಬಹುದು ಅಂತಲೂ ಮರ್ಡಾಕ್ ಸೇರಿಸುತ್ತಾಳೆ. ಆದರೂ ಅತ್ತೆಯ ಒಳಗೆ ನೀತಿಯ ದೊಡ್ಡ ಕೆಲಸ ನಡೆದಿದೆ ಅಲ್ವಾ?

ನಿಮಗೆ ಬಿಟ್ಟು ಹೋಗಲು ಆಗುವುದಿಲ್ಲ ಅನ್ನುವುದು ನಿಮ್ಮ ಸ್ವಾತಂತ್ರ್ಯದ ಸೋಲಲ್ಲ. ಅಷ್ಟು ವರ್ಷಗಳ ಗಮನ ಕಟ್ಟಿದ್ದು ಅದು.

ಪ್ರಶ್ನೆಚಿಹ್ನೆ

ಗುಲಾಮರ ಒಡೆಯನೂ ವರ್ಷಗಟ್ಟಲೆ ನೋಡಿದ. ಅವನ ಗಮನ ಅವನನ್ನು ಎಲ್ಲಿಗೂ ಒಯ್ಯಲಿಲ್ಲ. ಕಿಟಕಿಪಕ್ಕ ಅವರ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಮೂಲ ಪ್ರಶ್ನೆ ಇನ್ನೂ ಹಾಗೇ ಇದೆ.

ನೀಲಿಶಾಯಿ

ಇದನ್ನೆಲ್ಲ ಓದುತ್ತಾ ಫ್ರೆಂಚ್ ಲೇಖಕ ಕಮೂ ಕಡೆಗೆ ತಿರುಗಿದೆ. ಅವನು ತನ್ನನ್ನು ಅಸ್ತಿತ್ವವಾದಿ ಅಂತ ಕರೆಯಬೇಡಿ ಅಂತ 1945ರಲ್ಲೇ ಹೇಳಿದ್ದ. ಅದನ್ನು ಗೌರವಿಸುತ್ತಲೇ ಅವನ ಮಾತು ಇಲ್ಲಿ ತರುತ್ತೇನೆ.

ಆಕ್ರಮಣದ ಕಾಲದಲ್ಲಿ ಅವನು ಒಬ್ಬ ಕಲ್ಪಿತ ಜರ್ಮನ್ ಗೆಳೆಯನಿಗೆ ನಾಲ್ಕು ಪತ್ರ ಬರೆದ. ನಾಲ್ಕನೆಯದು 1944ರ ಜುಲೈನದು. ನಾನು ಕೇಳಿದ ಪ್ರಶ್ನೆಯೇ ಅಲ್ಲಿದೆ. ಈ ಜಗತ್ತಿಗೆ ಮೇಲಿನ ಅರ್ಥ ಯಾವುದೂ ಇಲ್ಲ ಅಂತ ನಾವಿಬ್ಬರೂ ನಂಬಿದ್ದೆವು, ಈಗಲೂ ನಾನು ಹಾಗೇ ನಂಬುತ್ತೇನೆ ಅನ್ನುತ್ತಾನೆ ಕಮೂ. ನೀನು ಅದರಿಂದ, ಒಳಿತು ಕೆಡುಕನ್ನು ನಮಗೆ ಬೇಕಾದಂತೆ ಹೇಳಬಹುದು, ಉಳಿದಿರುವುದು ಬಲ ಮಾತ್ರ ಅನ್ನುವ ತೀರ್ಮಾನಕ್ಕೆ ಬಂದೆ. ನಿನ್ನನ್ನು ಎದುರಿಸಲು ನನ್ನ ಹತ್ತಿರ ಗಟ್ಟಿ ವಾದ ಇರಲಿಲ್ಲ, ನ್ಯಾಯದ ಮೇಲಿನ ತೀವ್ರ ಆಸೆ ಮಾತ್ರ ಇತ್ತು. ಆದರೆ ಈ ಜಗತ್ತಿನಲ್ಲಿ ಒಂದಕ್ಕೆ ಅರ್ಥ ಇದೆ, ಅದು ಮನುಷ್ಯ. ಯಾಕೆಂದರೆ ಅರ್ಥ ಬೇಕು ಅಂತ ಪಟ್ಟು ಹಿಡಿಯುವ ಜೀವಿ ಅವನೊಬ್ಬನೇ.

1951ರ ಪುಸ್ತಕ ಇದನ್ನೇ ಬೆಳೆಸುತ್ತದೆ. ಅದು ಶುರುವಾಗುವುದು 'ಇಲ್ಲ' ಅಂದ ಗುಲಾಮನಿಂದ. ಇಷ್ಟು ದಿನ ಆಜ್ಞೆ ಪಾಲಿಸಿದವನು ಇದ್ದಕ್ಕಿದ್ದಂತೆ ತಿರುಗಿ ನಿಲ್ಲುತ್ತಾನೆ. 'ಇಲ್ಲಿವರೆಗೆ ಸರಿ, ಇದರಾಚೆ ಬೇಡ'. ಆ ಬೇಡದ ಒಳಗೆ ಒಂದು ಹೌದು ಇದೆ. ತನ್ನಲ್ಲಿ ಕಾಪಾಡಬೇಕಾದ ಏನೋ ಇದೆ ಅಂತ ಅವನಿಗೆ ಆಗ ಕಾಣುತ್ತದೆ. ಅದಕ್ಕಾಗಿ ಪ್ರಾಣ ಕೊಡಲೂ ಸಿದ್ಧನಾದರೆ, ಅದು ಅವನೊಬ್ಬನ ಸೊತ್ತಾಗಿ ಉಳಿಯುವುದಿಲ್ಲ. ನಾನು ಬಂಡೇಳುತ್ತೇನೆ, ಆದ್ದರಿಂದ ನಾವಿದ್ದೇವೆ ಅನ್ನುತ್ತಾನೆ.

ಇದರಿಂದ ನನ್ನ ಪ್ರಶ್ನೆಗೆ ಬೇರೆ ಆಕಾರ ಬರುತ್ತದೆ. ಕ್ರೂರಿಯನ್ನು ಒಪ್ಪಿಸುವ ವಾದ ಬೇಕು ಅಂತ ನಾವೆಲ್ಲ ಹುಡುಕುತ್ತಿದ್ದೇವೆ. ಅವನು ಒಪ್ಪದಿದ್ದರೆ ನೀತಿಗೆ ಬುಡವೇ ಇಲ್ಲ ಅಂತ ಹೆದರುತ್ತಿದ್ದೇವೆ. ಯಾಕೆ ಅವನ ಸಹಿ ಬೇಕು? ತುಳಿಸಿಕೊಂಡವರು 'ಇದರಾಚೆ ಬೇಡ' ಅಂದಾಗಲೇ ತಪ್ಪು ತಪ್ಪಾಗಿದೆ. ಒಡೆಯನ ನೆಮ್ಮದಿಯ ಊಟ ಅದಕ್ಕೆ ಸಾಕ್ಷಿಯೂ ಅಲ್ಲ, ವಿರುದ್ಧ ಸಾಕ್ಷಿಯೂ ಅಲ್ಲ. ಪ್ರಶ್ನೆಚಿಹ್ನೆ ಅವರು ಹೇಳಿದ ಒಡೆಯ ವಾದದಲ್ಲಿ ಸೋಲದೇ ಇರಬಹುದು. ಸೋಲದೆಯೂ ಅವನು ತಪ್ಪು ಮಾಡುತ್ತಲೇ ಇದ್ದಾನೆ.

ಹಾದಿಹೋಕ

ಈ ಮಿತಿಯನ್ನು ಕಮೂ ಶತ್ರುವಿಗೂ ಅನ್ವಯಿಸಿದ. ನಾಜಿಗಳ ಪರ ಪತ್ರಿಕೆ ನಡೆಸಿದ ಬ್ರಜಿಯಾಕ್‌ಗೆ 1945ರ ಜನವರಿಯಲ್ಲಿ ಮರಣದಂಡನೆ ವಿಧಿಸಿದರು. ಅವನನ್ನು ಕಂಡರೆ ಕಮೂಗೆ ಅಸಹ್ಯ. ಆದರೂ ಮರಣದಂಡನೆಯೇ ತಪ್ಪು ಅಂತ ಜೀವದಾನದ ಮನವಿಗೆ ಸಹಿ ಹಾಕಿದ. ಸಾರ್ತ್ರ್, ಬೋವಾ ಹಾಕಲಿಲ್ಲ. ಕೊಲ್ಲಲ್ಪಟ್ಟವರಿಗೆ ದ್ರೋಹ ಮಾಡಲಾರೆ ಅನ್ನುವುದು ಬೋವಾ ನಿಲುವು, ಮರುವರ್ಷ ಅದರ ಬಗ್ಗೆ ಒಂದು ಪ್ರಬಂಧವನ್ನೇ ಬರೆದಳು. ಫೆಬ್ರವರಿ 6ರಂದು ಬ್ರಜಿಯಾಕ್‌ನನ್ನು ಗುಂಡಿಟ್ಟು ಕೊಂದರು. ಈ ವಿಷಯದಲ್ಲಿ ನಾನು ಕಮೂ ಕಡೆ. ಆದರೆ ಬೋವಾಳ ಪ್ರಬಂಧ ಓದಿದ ಮೇಲೆ ಅವಳನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಪ್ರಶ್ನೆಚಿಹ್ನೆ

ನೀಲಿಶಾಯಿ, ನಿಮ್ಮ ತಿರುವು ನನಗೆ ಹಿಡಿಸಿತು. ಕ್ರೂರಿಯ ಸಹಿ ಬೇಕಿಲ್ಲ, ಒಪ್ಪುತ್ತೇನೆ. ಆದರೆ ಮುಂದಿನ ಪ್ರಶ್ನೆ: ಯಾರ 'ಇಲ್ಲ' ನಮ್ಮ ಕಿವಿಗೆ ಬೀಳುತ್ತದೆ?

ಕಮೂ 1913ರಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ, ಬಡ ಫ್ರೆಂಚ್ ಕುಟುಂಬದಲ್ಲಿ ಹುಟ್ಟಿದವನು. ಅಪ್ಪ ಮೊದಲ ಮಹಾಯುದ್ಧದಲ್ಲಿ ಸತ್ತ. ಓದು ಬರದ, ಕಿವಿ ಸರಿಯಾಗಿ ಕೇಳದ ಅಮ್ಮ ಮನೆಗೆಲಸ ಮಾಡಿ ಸಾಕಿದಳು. ಅಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾದಾಗ, 1956ರ ಜನವರಿಯಲ್ಲಿ ಅಲ್ಜಿಯರ್ಸ್‌ಗೆ ಹೋಗಿ, ಕನಿಷ್ಠ ಸಾಮಾನ್ಯ ಜನರನ್ನಾದರೂ ಎರಡೂ ಕಡೆಯವರು ಕೊಲ್ಲಬೇಡಿ ಅಂತ ಕೇಳಿಕೊಂಡ. ಯಾರೂ ಕೇಳಲಿಲ್ಲ. ಆಮೇಲೆ ಬಹಿರಂಗವಾಗಿ ಬಹುಮಟ್ಟಿಗೆ ಮೌನವಾದ. ಮರಣದಂಡನೆಗೆ ಗುರಿಯಾದ ಅಲ್ಜೀರಿಯನ್ನರ ಪರವಾಗಿ ತೆರೆಯ ಮರೆಯಲ್ಲಿ ಮನವಿ ಮಾಡಿದ್ದು ನಿಜ. ಆದರೆ ದೇಶದ ಸ್ವಾತಂತ್ರ್ಯವನ್ನು ಒಪ್ಪಲಿಲ್ಲ. 'ಇದರಾಚೆ ಬೇಡ' ಅಂತ ಅಲ್ಜೀರಿಯನ್ನರು ಅಂದದ್ದು ಅವನಿಗೆ ಅರ್ಧ ಮಾತ್ರ ಕೇಳಿಸಿತು. ಅವನನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಅಮ್ಮ ಅಲ್ಲೇ ಇದ್ದಳು, ಬಾಂಬ್ ಯಾವ ಟ್ರಾಮ್‌ನಲ್ಲಿ ಸಿಡಿಯುತ್ತದೋ ಗೊತ್ತಿರಲಿಲ್ಲ.

ಕಿಟಕಿಪಕ್ಕ

ಅಮ್ಮನ ಮಾತು ಬಂದದ್ದರಿಂದ ಒಂದು ಸಾಲು. ಬೆಟ್ಟದ ಮೇಲೆ ಕಲ್ಲನ್ನು ಮತ್ತೆ ಮತ್ತೆ ಉರುಳಿಸುವ ಶಿಕ್ಷೆ ಪಡೆದ ಗ್ರೀಕ್ ಪುರಾಣದ ಸಿಸಿಫಸ್ ಸಂತೋಷವಾಗಿದ್ದಾನೆ ಅಂತ ಕಲ್ಪಿಸಿಕೊಳ್ಳಬೇಕು ಅನ್ನುವ ಕಮೂ ಮಾತನ್ನು ನನಗೆ ಒಬ್ಬರು ಸಮಾಧಾನಕ್ಕೆ ಕಳಿಸಿದ್ದರು. ನನಗೆ ಅದು ತಾಗಲಿಲ್ಲ. ಅವನು ಒಬ್ಬನೇ, ಅವನ ಕೈಯಲ್ಲಿರುವುದು ಕಲ್ಲು. ಆಮೇಲೆ ಅವನ ಪ್ಲೇಗ್ ಕಾದಂಬರಿ ಓದಿದೆ. ಅದರ ಡಾಕ್ಟರ್ ರಿಯೂ ಮಾತು ತಾಗಿತು. ಇದರಲ್ಲಿ ಶೌರ್ಯ ಏನೂ ಇಲ್ಲ, ಪ್ರಾಮಾಣಿಕತೆ ಅಷ್ಟೇ, ನನ್ನ ಮಟ್ಟಿಗೆ ಅಂದರೆ ನನ್ನ ಕೆಲಸ ಮಾಡುವುದು ಅನ್ನುತ್ತಾನೆ ಅವನು. ಅವನ ಎದುರಿಗೆ ಯಾವಾಗಲೂ ಒಬ್ಬ ರೋಗಿ ಇರುತ್ತಾನೆ.

ಬೆಳಗಿನಜಾವ

ಕಿಟಕಿಪಕ್ಕ ಅವರು ಹೇಳಿದ 'ಎದುರಿಗೆ ಒಬ್ಬರು' ಅನ್ನುವುದರಿಂದಲೇ ಪ್ರಶ್ನೆಚಿಹ್ನೆ ಅವರಿಗೆ ಉತ್ತರ ಕೊಡಲು ನೋಡುತ್ತೇನೆ. ಅಲ್ಜೀರಿಯಾದಲ್ಲೇ.

1960ರಲ್ಲಿ ಜಮೀಲಾ ಬೂಪಾಶಾ ಅನ್ನುವ ಅಲ್ಜೀರಿಯನ್ ಹೋರಾಟಗಾರ್ತಿಯನ್ನು ಫ್ರೆಂಚ್ ಸೈನ್ಯ ಹಿಡಿದು ಹಿಂಸಿಸಿತು, ಅತ್ಯಾಚಾರ ಮಾಡಿತು. ಆಗ ಅವಳಿಗೆ ಇಪ್ಪತ್ತರ ಆಸುಪಾಸು. ಅವಳು ಸುಮ್ಮನಿರಲಿಲ್ಲ, ನ್ಯಾಯಾಲಯದಲ್ಲಿ ದೂರು ಕೊಟ್ಟಳು. ವಕೀಲೆ ಜಿಜೆಲ್ ಅಲಿಮಿ ಬೋವಾ ಹತ್ತಿರ ಬಂದು ಬರೆಯಲು ಕೇಳಿದಳು. ಆ ವರ್ಷ ಜೂನ್‌ನಲ್ಲಿ ಲ ಮೊಂದ್ ಪತ್ರಿಕೆಯಲ್ಲಿ ಲೇಖನ ಬಂತು. ಪತ್ರಿಕೆಯ ಆ ಸಂಚಿಕೆಯನ್ನು ಅಲ್ಜಿಯರ್ಸ್‌ನಲ್ಲಿ ವಶಪಡಿಸಿಕೊಂಡರು. ಜಮೀಲಾ ಪರವಾಗಿ ಸಮಿತಿ ಆಯಿತು, ಬೋವಾ ಅದರ ಮುಂದಾಳಾದಳು. 1962ರಲ್ಲಿ ಅಲಿಮಿ ಜೊತೆ ಸೇರಿ ಇಡೀ ಪ್ರಕರಣವನ್ನು ಪುಸ್ತಕವಾಗಿ ತಂದಳು. ಒಬ್ಬರ ಹೆಸರಿನಲ್ಲಿ ಮಾತ್ರ ಲೇಖಕಿಯ ಹೊಣೆ ಇರಬಾರದು, ಕಾನೂನಿನ ಹೊಡೆತ ಬಂದರೆ ಹಂಚಿಕೊಳ್ಳೋಣ ಅಂತ ತನ್ನ ಹೆಸರನ್ನೂ ಹಾಕಿದಳು. ಅದೇ ವರ್ಷ ಯುದ್ಧ ಮುಗಿದು ಕ್ಷಮಾದಾನ ಆಯಿತು, ಜಮೀಲಾ ಜೈಲಿನಿಂದ ಹೊರಬಂದಳು. ಆದರೆ ಅದೇ ಕ್ಷಮಾದಾನ ಹಿಂಸಿಸಿದ ಸೈನಿಕರಿಗೂ ರಕ್ಷಣೆಯಾಯಿತು. ಅವರಲ್ಲಿ ಯಾರಿಗೂ ಶಿಕ್ಷೆ ಆಗಲಿಲ್ಲ.

ಇಲ್ಲಿ ಯಾರ ಸಹಿಗೂ ಕಾಯಲಿಲ್ಲ. 1947ರ ಪುಸ್ತಕದ ವಾದ ಅರ್ಧಕ್ಕೆ ನಿಂತ ಕಡೆ ಒಬ್ಬ ಹುಡುಗಿಯ ದೂರು ಇತ್ತು, ಅದನ್ನು ಜೋರಾಗಿ ಕೇಳಿಸುವಂತೆ ಮಾಡುವ ಕೆಲಸ ಇತ್ತು. ಯಾರ 'ಇಲ್ಲ' ಕಿವಿಗೆ ಬೀಳುತ್ತದೆ ಅಂತ ಕೇಳಿದಿರಿ. ಜಮೀಲಾಳದ್ದು ತಾನಾಗಿ ಬೀಳಲಿಲ್ಲ, ಅಲಿಮಿ ಅದನ್ನು ಹೊತ್ತು ತಂದಳು. ಹಾಗೆ ತರುವವರು ಸಿಗದ ಉಳಿದವರ ವಿಷಯದಲ್ಲಿ ನಿಮ್ಮ ಪ್ರಶ್ನೆ ಹಾಗೇ ಇದೆ. ಅದರ ಬಗ್ಗೆ ನೀವೇನು ಯೋಚಿಸಿದ್ದೀರಿ ಅಂತ ಕೇಳಲು ಆಸೆ.